ಅತ್ತೆ-ಮಾವ, ಇಬ್ಬರು ಮಕ್ಕಳ ಜೊತೆ ಮಾಂಟಿಚೆಲ್ಲೊಗೆ ಒಂದು ದಿನ: ಏನು ನೋಡಬೇಕು, ಏನು ಬಿಡಬೇಕು?

ಪ್ರಶ್ನೆ ಕೇಳಿದವರು: ಫೇರ್‌ಫ್ಯಾಕ್ಸ್ ಸೊಸೆ

ಎಲ್ಲರಿಗೂ ನಮಸ್ಕಾರ. ಅತ್ತೆ-ಮಾವ ಬೇಸಿಗೆಗೆ ಬಂದಿದ್ದಾರೆ. ವಾಷಿಂಗ್ಟನ್ನಿನ ಮ್ಯೂಸಿಯಂಗಳೆಲ್ಲ ಮುಗಿದವು. ಈಗ ಮಾವನಿಗೆ ಮಾಂಟಿಚೆಲ್ಲೊ ನೋಡಬೇಕಂತೆ. ಅವರು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವರು. ಥಾಮಸ್ ಜೆಫರ್ಸನ್ ಅಂದರೆ ಅವರಿಗೆ ಅಮೆರಿಕದ ಸ್ವಾತಂತ್ರ್ಯ ಘೋಷಣೆ, ಅಷ್ಟೇ. "ಎಲ್ಲ ಮನುಷ್ಯರೂ ಸಮಾನರು ಅಂತ ಬರೆದವನ ಮನೆ ಕಣಮ್ಮ, ಇಷ್ಟು ದೂರ ಬಂದು ಅದನ್ನು ನೋಡದೆ ಹೋಗೋದಾ?" ಅಂತಾರೆ.

ತೊಂದರೆ ಶುರುವಾಗಿದ್ದು ರಾತ್ರಿ ಊಟದ ಹೊತ್ತಿಗೆ. ಮಗಳಿಗೆ ಹನ್ನೊಂದು ವರ್ಷ. "ತಾತ, ಅವನ ಹತ್ರ ಗುಲಾಮರಿದ್ರಲ್ವಾ? ನಮ್ಮ ಕ್ಲಾಸಲ್ಲಿ ಹೇಳಿದ್ರು" ಅಂದಳು. ಮಾವ "ಆ ಕಾಲ ಹಾಗಿತ್ತು ಪುಟ್ಟಿ" ಅಂದರು. ಅವಳು ಅಷ್ಟಕ್ಕೆ ಬಿಡುವವಳಲ್ಲ. "ಹಾಗಾದ್ರೆ ಸಮಾನ ಅಂತ ಯಾಕೆ ಬರೆದ?" ಅಂದಳು. ಮಾವ ಉಪ್ಪಿನಕಾಯಿ ಕೇಳಿದರು.

ಅತ್ತೆಗೆ ಮಂಡಿ ನೋವು. ಮನೆ, ಕುರ್ಚಿ, ಮಂಚ ನೋಡುವ ಉತ್ಸಾಹ ಅವರಿಗಿಲ್ಲ. ಗಿಡ ಮರ ಇದ್ದರೆ ಮಾತ್ರ ಖುಷಿ. ಮಗನಿಗೆ ಆರು ವರ್ಷ, ಗೈಡ್ ಮಾತಾಡಲು ಶುರು ಮಾಡಿದ ಕೂಡಲೇ ನೆಲದ ಮೇಲೆ ಕೂತುಬಿಡುತ್ತಾನೆ. ನಮ್ಮವರು "ಒಂದು ದಿನದ ಪಿಕ್ನಿಕ್ಕಿಗೆ ಇಷ್ಟೆಲ್ಲ ತಲೆ ಕೆಡಿಸ್ಕೋಬೇಡ" ಅಂತ ಹೇಳಿ ಆರಾಮಾಗಿದ್ದಾರೆ.

ಹೋಗಿ ಬಂದವರು ಹೇಳಿ. ಅಲ್ಲಿ ನಡೆಯುವುದು ಎಷ್ಟಿದೆ? ಚಿಕ್ಕವನು ತಡೆದುಕೊಳ್ಳುತ್ತಾನಾ? ಗುಲಾಮಗಿರಿಯ ವಿಷಯ ಮಕ್ಕಳಿಗೆ ಎಷ್ಟು ತೋರಿಸಬೇಕು? ಮಾವನ ಮನಸ್ಸಿಗೂ ಬೇಜಾರಾಗಬಾರದು.

ಉತ್ತರ: ಪೊಟೊಮ್ಯಾಕ್ ದಂಡೆ

ನೀವು ಫೇರ್‌ಫ್ಯಾಕ್ಸ್‌ನಲ್ಲಿದ್ದುಕೊಂಡು ಮಾಂಟಿಚೆಲ್ಲೊ ಯಾಕೆ? ಹೋಗಲು ಎರಡು ಗಂಟೆಯ ಮೇಲೆ, ಬರಲು ಅಷ್ಟೇ. ಜಾರ್ಜ್ ವಾಷಿಂಗ್ಟನ್ನನ ಮನೆ ಮೌಂಟ್ ವರ್ನನ್ ಪಕ್ಕದಲ್ಲೇ ಇದೆಯಲ್ಲ. ನದಿ ಕಡೆಯ ಜಗಲಿಯಲ್ಲಿ ಸಾಲು ಕುರ್ಚಿ ಹಾಕಿರುತ್ತಾರೆ, ನಿಮ್ಮ ಅತ್ತೆ ಅಲ್ಲಿ ಕೂತರೆ ಏಳುವುದಿಲ್ಲ. ಒಳಗೆ ಫ್ರೆಂಚ್ ಕ್ರಾಂತಿಯಲ್ಲಿ ಬಿದ್ದ ಬಾಸ್ಟೀಲ್ ಜೈಲಿನ ಬೀಗದ ಕೈ ಇದೆ, ವಾಷಿಂಗ್ಟನ್ನನ ಫ್ರೆಂಚ್ ಗೆಳೆಯ ಲಾಫಯೆಟ್ ಕಳಿಸಿದ್ದು. ಚರಿತ್ರೆ ಮೇಷ್ಟ್ರಿಗೆ ಅದೊಂದೇ ಸಾಕು. ಮಕ್ಕಳಿಗೆ ಹದಿನಾರು ಮೂಲೆಯ ಕಣಜದ ಮನೆ. ಗೋಧಿ ತುಳಿಸಲು ಕುದುರೆಗಳನ್ನು ಒಳಗೇ ಸುತ್ತು ಹೊಡೆಸುತ್ತಿದ್ದರು, ಕಾಳು ಹಲಗೆಗಳ ಸಂದಿಯಿಂದ ಕೆಳಗೆ ಬೀಳುತ್ತಿತ್ತು.

ಇನ್ನೊಂದು ಮಾತು. ಅಲ್ಲಿಯೂ ಗುಲಾಮರಿದ್ದರು. 1799ರಲ್ಲಿ 317 ಜನ. ಆದರೆ ಅವರಲ್ಲಿ ತನಗೆ ಸೇರಿದ್ದ 123 ಜನರನ್ನು ಬಿಡುಗಡೆ ಮಾಡಬೇಕು ಅಂತ ವಾಷಿಂಗ್ಟನ್ ಉಯಿಲು ಬರೆದ. ತಾತ-ಮೊಮ್ಮಗಳ ಜಗಳಕ್ಕೆ ಸ್ವಲ್ಪ ತಣ್ಣೀರು ಸಿಗುತ್ತದೆ.

ಉತ್ತರ: ಬೆಟ್ಟದ ಕೆಳಗಿನವ

ನಾನಿರುವುದು ಮಾಂಟಿಚೆಲ್ಲೊ ಬೆಟ್ಟದ ಕೆಳಗಿನ ಶಾರ್ಲಟ್ಸ್‌ವಿಲ್‌ನಲ್ಲೇ. ಮನೆಗೆ ಯಾರು ಬಂದರೂ ಮಾಂಟಿಚೆಲ್ಲೊಗೆ ಕರೆದುಕೊಂಡು ಹೋಗುವ ಕೆಲಸ ನನ್ನದೇ, ಹೆಂಡತಿ ಎಂದೋ ಕೈ ಮುಗಿದುಬಿಟ್ಟಿದ್ದಾಳೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೇಲಿನವರು ಹೇಳಿದ ಮೌಂಟ್ ವರ್ನನ್ ಚೆನ್ನಾಗಿದೆ, ಅಲ್ಲಗಳೆಯುವುದಿಲ್ಲ. ಆದರೆ ತಣ್ಣೀರು ಹಾಕುವುದು ಯಾಕೆ? ಹನ್ನೊಂದು ವರ್ಷದ ಹುಡುಗಿ ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ. ಆ ಪ್ರಶ್ನೆ ಹಿಡಿದುಕೊಂಡು ಹೋಗಲು ಮಾಂಟಿಚೆಲ್ಲೊಗಿಂತ ಒಳ್ಳೆಯ ಜಾಗ ಇಲ್ಲ.

ಮೊದಲು ನಡೆಯುವ ವಿಷಯ. ಕಾರು ಕೆಳಗೆ ವಿಸಿಟರ್ ಸೆಂಟರಿನಲ್ಲಿ ನಿಲ್ಲಿಸಬೇಕು. ಅಲ್ಲಿಂದ ಮೇಲಕ್ಕೆ ಅವರದೇ ಬಸ್ಸು. ಮೇಲೆ ಜಲ್ಲಿ ಹಾದಿ, ಅಲ್ಲಲ್ಲಿ ಇಳಿಜಾರು. ಮನೆಯೊಳಗೆ ಮಾಮೂಲಿ ಟೂರಿನಲ್ಲಿ ನೆಲಮಹಡಿ ಮಾತ್ರ ತೋರಿಸುತ್ತಾರೆ, ಮಹಡಿ ಹತ್ತುವ ಕೆಲಸ ಇಲ್ಲ. ಹತ್ತಬೇಕಾಗಿದ್ದರೆ ನಿಮ್ಮ ಅತ್ತೆಗೆ ಕಷ್ಟವಿತ್ತು. ಆ ಮೆಟ್ಟಿಲ ಸಾಲಿನ ಅಗಲ ಬರೀ ಎರಡು ಅಡಿ. ಮನೆಯ ಟೂರಿಗೆ ಟಿಕೆಟ್ಟಿನಲ್ಲಿ ಸಮಯ ಹಾಕಿರುತ್ತಾರೆ, ತಡವಾದರೆ ಕಷ್ಟ. ಮಕ್ಕಳಿರುವ ಮನೆಯವರಿಗೆಂದೇ ಬೇರೆ ಟೂರ್ ಇರುವ ದಿನಗಳಿವೆ. ನಿಮ್ಮ ದಿನಕ್ಕೆ ಇದೆಯಾ ನೋಡಿ, ಇದ್ದರೆ ಅದನ್ನೇ ಹಿಡಿಯಿರಿ. ಆರು ವರ್ಷದವನು ನೆಲದ ಮೇಲೆ ಕೂತರೂ ಯಾರೂ ಮುಖ ಗಂಟು ಹಾಕುವುದಿಲ್ಲ.

ಇನ್ನು ಮನೆ. ಬಾಗಿಲು ದಾಟಿದ ಕೂಡಲೇ ದೊಡ್ಡ ಹಜಾರ. ಗೋಡೆಯ ಮೇಲೆ ಎಲ್ಕ್ ಕೊಂಬು, ಆನೆಯ ದಾಯಾದಿಯಾದ ಮ್ಯಾಸ್ಟೊಡಾನ್ ಎಂಬ ಪ್ರಾಣಿಯ ದವಡೆ. ನಿಮ್ಮ ಮಗ ಅಲ್ಲಿ ಕೂರುವುದಿಲ್ಲ, ಬಾಯಿ ಬಿಟ್ಟುಕೊಂಡು ನಿಲ್ಲುತ್ತಾನೆ. ಬಾಗಿಲ ಮೇಲೆ ಒಂದು ಗಡಿಯಾರ. ಇದನ್ನು ಮಾತ್ರ ಎಲ್ಲರಿಗೂ ನಿಲ್ಲಿಸಿ ತೋರಿಸಿ. ಗಡಿಯಾರದ ಎರಡೂ ಬದಿ ಹಗ್ಗ, ಹಗ್ಗದ ತುದಿಗೆ ಫಿರಂಗಿ ಗುಂಡಿನಂಥ ಕಬ್ಬಿಣದ ಗುಂಡುಗಳು. ವಾರವಿಡೀ ಆ ಗುಂಡು ನಿಧಾನವಾಗಿ ಇಳಿಯುತ್ತದೆ. ಗೋಡೆಯ ಮೇಲೆ ವಾರದ ಹೆಸರು ಬರೆದಿದೆ, ಗುಂಡು ಎಲ್ಲಿದೆ ನೋಡಿದರೆ ಇವತ್ತು ಯಾವ ವಾರ ಗೊತ್ತಾಗುತ್ತದೆ. ಆದರೆ ಲೆಕ್ಕ ಹಾಕಿದಷ್ಟು ಗೋಡೆ ಎತ್ತರ ಇರಲಿಲ್ಲ. ಜೆಫರ್ಸನ್ ಏನು ಮಾಡಿದ? ನೆಲಕ್ಕೆ ತೂತು ಕೊರೆಸಿದ. ಶನಿವಾರ ನೆಲಮಾಳಿಗೆಯಲ್ಲಿದೆ! ಇದನ್ನು ಕೇಳಿದ ಮಕ್ಕಳು ಇನ್ನು ಯಾವುದನ್ನು ಮರೆತರೂ ಇದನ್ನು ಮರೆಯುವುದಿಲ್ಲ.

ಅದೇ ಗಡಿಯಾರಕ್ಕೆ ಮನೆಯ ಹೊರಗೂ ಒಂದು ಮುಖ ಇದೆ. ಅದಕ್ಕೆ ಗಂಟೆ ಮುಳ್ಳು ಒಂದೇ, ನಿಮಿಷದ ಮುಳ್ಳಿಲ್ಲ. ಹೊರಗೆ ದುಡಿಯುವವರಿಗೆ ಗಂಟೆ ಗೊತ್ತಾದರೆ ಸಾಕಲ್ಲ. ಮಾಡಿನ ಮೇಲೆ ಚೀನಾದ ಜಾಗಟೆ ಇಟ್ಟಿದ್ದಾನೆ, ಹೊಲದವರೆಗೂ ಕೇಳಲಿ ಅಂತ. ಒಂದೇ ಗಡಿಯಾರ, ಒಳಗಿನವರಿಗೆ ಒಂದು ಲೆಕ್ಕ, ಹೊರಗಿನವರಿಗೆ ಒಂದು ಲೆಕ್ಕ. ನಿಮ್ಮ ಮಗಳಿಗೆ ಇಷ್ಟು ತೋರಿಸಿ ಸುಮ್ಮನಿದ್ದುಬಿಡಿ. ಉಳಿದದ್ದು ಅವಳೇ ಕೇಳುತ್ತಾಳೆ.

ಊಟದ ಕೋಣೆಗೆ ಬನ್ನಿ. ಬೆಂಕಿಗೂಡಿನ ಪಕ್ಕದಲ್ಲಿ ಪುಟ್ಟ ಬಾಗಿಲು. ತೆಗೆದರೆ ಒಳಗೆ ಒಂದು ಸಣ್ಣ ಲಿಫ್ಟ್, ಕೆಳಗಿನ ನೆಲಮಾಳಿಗೆಯಿಂದ ವೈನ್ ಬಾಟಲಿ ಮೇಲೆ ಬರುವುದಕ್ಕೆ. ಇನ್ನೊಂದು ಕಡೆ ತಿರುಗುವ ಬಾಗಿಲು, ಅದರ ಬೆನ್ನಿಗೆ ಹಲಗೆಗಳು. ಆಚೆ ಕಡೆಯವರು ಹಲಗೆಯ ಮೇಲೆ ತಟ್ಟೆ ಜೋಡಿಸುತ್ತಾರೆ, ಬಾಗಿಲು ತಿರುಗಿಸುತ್ತಾರೆ, ಅಡುಗೆ ಊಟದ ಕೋಣೆಯೊಳಗೆ ಬರುತ್ತದೆ. ಎಲ್ಲರೂ "ಎಂಥಾ ಜಾಣ!" ಅಂತಾರೆ. ಜಾಣನೇ, ಸಂಶಯವಿಲ್ಲ. ಆದರೆ ಬಾಟಲಿ ತಾನಾಗಿ ಮೇಲೆ ಬರುವುದಿಲ್ಲ. ಕೆಳಗೆ ಕತ್ತಲಲ್ಲಿ ಒಬ್ಬ ನಿಂತಿದ್ದಾನೆ. ಬಾಗಿಲ ಆಚೆ ಒಬ್ಬಳು ನಿಂತಿದ್ದಾಳೆ. ತಟ್ಟೆ ಕಾಣುತ್ತದೆ, ಕೈ ಕಾಣುವುದಿಲ್ಲ. ಅಡುಗೆಮನೆ ಎಲ್ಲಿದೆ? ದಕ್ಷಿಣದ ತಗ್ಗಿನಲ್ಲಿ, ಮೇಲಿನ ಕಟ್ಟೆಯ ಅಡಿಯಲ್ಲಿ. ಅಲ್ಲಿಂದ ಮನೆಗೆ ನೆಲದಡಿಯ ಓಣಿ. ಅಂಗಳದಲ್ಲಿ ಓಡಾಡುವ ಅತಿಥಿಗೆ ಒಬ್ಬ ಕೆಲಸದವನೂ ಕಣ್ಣಿಗೆ ಬೀಳುವುದಿಲ್ಲ, ಸುತ್ತ ಬರೀ ನೀಲಿ ಗುಡ್ಡಗಳು. ಆ ಮನೆಯ ಜಾಣತನದ ದೊಡ್ಡ ಪಾಲು ಖರ್ಚಾಗಿದ್ದು ಇದಕ್ಕೇ, ದುಡಿಯುವವರು ಕಾಣದಂತೆ ಮಾಡುವುದಕ್ಕೆ. ನನಗೆ ಆ ಮನೆಯಲ್ಲಿ ಕಂಡ ಮುಖ್ಯ ವಿಷಯ ಅದೊಂದೇ. ಗುಲಾಮಗಿರಿಯ ಬಗ್ಗೆ ಮಕ್ಕಳಿಗೆ ಬೇರೆ ಭಾಷಣ ಬೇಡ. ಮೇಲೆ ಬಾಗಿಲು ತೋರಿಸಿ, ಆಮೇಲೆ ಕೆಳಗಿನ ಓಣಿಯಲ್ಲಿ ನಡೆಸಿ.

ಅಡುಗೆಮನೆಯಲ್ಲಿ ಅತ್ತೆಯವರು ಸ್ವಲ್ಪ ಹೊತ್ತು ನಿಲ್ಲಲಿ. ಇಟ್ಟಿಗೆ ಕಟ್ಟೆಯ ಮೇಲೆ ಸಾಲಾಗಿ ಕೆಂಡದ ಒಲೆಗಳು, ಮೇಲೆ ತಾಮ್ರದ ಪಾತ್ರೆಗಳು. ಇಲ್ಲಿ ಮುಖ್ಯ ಅಡುಗೆಯವಳಾಗಿದ್ದವಳು ಈಡಿತ್ ಫಾಸೆಟ್. ಜೆಫರ್ಸನ್ ಅಧ್ಯಕ್ಷನಾಗಿದ್ದಾಗ ವಾಷಿಂಗ್ಟನ್ನಿನಲ್ಲಿ ಫ್ರೆಂಚ್ ಅಡುಗೆ ಕಲಿತವಳು. ಅವಳಿಗಿಂತ ಮುಂಚೆ ಜೇಮ್ಸ್ ಹೆಮಿಂಗ್ಸ್ ಎಂಬವನಿದ್ದ, ಪ್ಯಾರಿಸ್ಸಿನಲ್ಲೇ ಕಲಿತವನು. ಅವನಿಗೆ ಬಿಡುಗಡೆ ಸಿಕ್ಕಿದ್ದು 1796ರಲ್ಲಿ. ತನ್ನ ಜಾಗಕ್ಕೆ ಇನ್ನೊಬ್ಬನಿಗೆ ಅಡುಗೆ ಕಲಿಸಿದ ಮೇಲೆ ಬಿಡುತ್ತೇನೆ ಅಂತ ಷರತ್ತು. ಅವನು ಕಲಿಸಿದ್ದು ಯಾರಿಗೆ ಗೊತ್ತಾ? ಸ್ವಂತ ತಮ್ಮನಿಗೆ. ಹೋಗುವ ಮುಂಚೆ ಅಡುಗೆಮನೆಯ ಪಾತ್ರೆಗಳ ಪಟ್ಟಿ ಮಾಡಿ ಕೊಟ್ಟು ಹೋದ. ಅವನ ಕೈಬರಹದ ಆ ಕಾಗದ ಇವತ್ತಿಗೂ ಉಳಿದಿದೆ.

ಮಲ್ಬರಿ ರೋ ಎಂಬ ಓಣಿ ಮನೆಯ ಪಕ್ಕದಲ್ಲೇ. ಕಮ್ಮಾರಸಾಲೆ, ಬಡಗಿ ಕೆಲಸ, ನೇಯ್ಗೆ, ಗುಡಿಸಲು ಎಲ್ಲ ಇದ್ದದ್ದು ಇಲ್ಲಿ. ಮರು ಕಟ್ಟಿದ ಒಂದು ಗುಡಿಸಲಿದೆ, ಒಳಗೆ ಹೋಗಿ ನೋಡಬಹುದು. ಮೊಳೆ ಹೊಡೆಯುವ ಸಾಲೆ 1794ರಲ್ಲಿ ಶುರುವಾಯಿತು. ಕೆಲಸಕ್ಕಿದ್ದವರು ಹತ್ತರಿಂದ ಹದಿನಾರು ವರ್ಷದ ಹುಡುಗರು. ದಿನಕ್ಕೆ 8ರಿಂದ 10 ಸಾವಿರ ಮೊಳೆ. ನಿಮ್ಮ ಮಗಳ ವಯಸ್ಸು ಆ ಲೆಕ್ಕದೊಳಗೇ ಬರುತ್ತದೆ ನೋಡಿ.

ಫೇರ್‌ಫ್ಯಾಕ್ಸ್ ಸೊಸೆ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬ ಥ್ಯಾಂಕ್ಸ್. ಶನಿವಾರ ನೆಲಮಾಳಿಗೆಯಲ್ಲಿದೆ ಅನ್ನುವುದನ್ನು ಮಗನಿಗೆ ಹೇಳಿದೆ. ಈಗ ಅವನೇ ಯಾವಾಗ ಹೋಗೋದು ಅಂತ ಪ್ರಾಣ ತಿನ್ನುತ್ತಿದ್ದಾನೆ.

ಮಾವನಿಗೂ ಓದಿ ಹೇಳಿದೆ. "ಅವನು ಗುಲಾಮಗಿರಿ ತಪ್ಪು ಅಂತಲೂ ಬರೆದಿದ್ದಾನೆ, ಅದನ್ನೂ ಹೇಳಲಿ" ಅಂದರು. ಸ್ವಲ್ಪ ಮುನಿಸಿದೆ. ಇನ್ನೊಂದು, ಸ್ಯಾಲಿ ಹೆಮಿಂಗ್ಸ್ ಕೋಣೆ ಅಂತ ಏನೋ ಇದೆಯಂತಲ್ಲ. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ಮಾವನ ಎದುರು ಆ ವಿಷಯ ಬಂದರೆ ನನಗೇ ಮುಜುಗರ.

ಉತ್ತರ: ಹಿತ್ತಲ ಗಿಡ

ಅತ್ತೆಯವರ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ನಾನು ಹೋಗುವುದೇ ಅಲ್ಲಿನ ತರಕಾರಿ ತೋಟಕ್ಕೆ. ಮನೆ ಎರಡನೇ ಸಲ ನೋಡಿಲ್ಲ, ನೋಡುವ ಆಸೆಯೂ ಇಲ್ಲ.

ಬೆಟ್ಟದ ದಕ್ಷಿಣದ ಇಳಿಜಾರು ಕಡಿದು ಮಟ್ಟ ಮಾಡಿ, ಕಲ್ಲು ಗೋಡೆ ಕಟ್ಟಿ, ಸಾವಿರ ಅಡಿ ಉದ್ದದ ಪಾತಿ ಮಾಡಿದ್ದಾರೆ. ಮಣ್ಣು ಹೊತ್ತವರೂ ಗುಲಾಮರೇ, ಬೇರೆ ಹೇಳಬೇಕಾಗಿಲ್ಲ. ಜೆಫರ್ಸನ್ 300ಕ್ಕೂ ಹೆಚ್ಚು ಬಗೆಯ ತರಕಾರಿ, ಸೊಪ್ಪು ಬೆಳೆಸಿ ನೋಡಿದ. ಬಿತ್ತಿದ್ದು ಯಾವಾಗ, ಮೇಜಿಗೆ ಬಂದದ್ದು ಯಾವಾಗ ಎಲ್ಲ ಬರೆದಿಟ್ಟ. ಎಷ್ಟೋ ಸಲ ಬೆಳೆ ಕೈಕೊಟ್ಟಿದೆ, ಅದನ್ನೂ ಬರೆದಿದ್ದಾನೆ. ಈ ಗುಣ ನನಗೆ ಇಷ್ಟ.

ಬೇಸಿಗೆಯಲ್ಲಿ ಹೋದರೆ ಬೆಂಡೆ, ಬದನೆ, ಮೆಣಸಿನ ಗಿಡ ಹುಡುಕಿ. ಎಳ್ಳನ್ನೂ ಬೆಳೆಸಿದ್ದ. ಆಲಿವ್ ಎಣ್ಣೆ ತರಿಸುವ ಬದಲು ಇಲ್ಲೇ ಎಳ್ಳೆಣ್ಣೆ ತೆಗೆಯಬಹುದು ಅಂತ ಹುಚ್ಚು ಹತ್ತಿತ್ತು. ಎಳ್ಳು ಈ ದೇಶಕ್ಕೆ ಆಫ್ರಿಕಾದಿಂದ ಬಂದ ಗುಲಾಮರ ಜೊತೆ ಬಂತು ಅಂತ ಅವನೇ ಬರೆದಿದ್ದಾನೆ. ನನ್ನ ಅಮ್ಮ ಅಲ್ಲಿ ಬೆಂಡೆ ಹೂವಿನ ಮುಂದೆ ಕೂತವರು ಊಟಕ್ಕೂ ಏಳಲಿಲ್ಲ.

ಇನ್ನೊಂದು ವಿಷಯ ಮಗಳಿಗೆ ಹೇಳಿ. ಇಷ್ಟು ದೊಡ್ಡ ತೋಟ ಇದ್ದೂ ಮನೆಯವರು ಗುಲಾಮರ ಹತ್ತಿರ ಸೌತೆಕಾಯಿ, ಕೋಳಿ, ಮೊಟ್ಟೆ ಕೊಂಡುಕೊಳ್ಳುತ್ತಿದ್ದರು. ಅವರು ತಮ್ಮ ಬಿಡುವಿನಲ್ಲಿ ಗುಡಿಸಲ ಪಕ್ಕದಲ್ಲಿ ಬೆಳೆದದ್ದು. ಜೆಫರ್ಸನ್ನನ ಮೊಮ್ಮಗಳು ಆ ಕೊಡು-ಕೊಳ್ಳುವ ಲೆಕ್ಕ ಬರೆದ ಪುಸ್ತಕ ಉಳಿದಿದೆ. ಯಾರು ಎಷ್ಟು ಮೊಟ್ಟೆ ತಂದರು ಅನ್ನುವವರೆಗೆ ಇದೆ.

ಬಿಸಿಲು ಜಾಸ್ತಿ, ತೋಟದಲ್ಲಿ ನೆರಳು ಕಮ್ಮಿ. ಟೋಪಿ ಮರೆಯಬೇಡಿ. ತೋಟ ಬೆಳಗ್ಗೆಯೇ ನೋಡಿಬಿಡಿ.

ಉತ್ತರ: ಬೆಟ್ಟದ ಕೆಳಗಿನವ

ಮಾವನವರ ಮಾತು ಸರಿ. ಸ್ವಾತಂತ್ರ್ಯ ಘೋಷಣೆಯ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಬೈದು ಜೆಫರ್ಸನ್ ಒಂದು ದೊಡ್ಡ ಪ್ಯಾರಾ ಬರೆದಿದ್ದ. ಕಾಂಗ್ರೆಸ್ ಅದನ್ನು ತೆಗೆದುಹಾಕಿತು. ಹೊರದೇಶದಿಂದ ಗುಲಾಮರನ್ನು ತರುವುದನ್ನು ನಿಲ್ಲಿಸುವ 1807ರ ಕಾಯಿದೆಗೆ ಅಧ್ಯಕ್ಷನಾಗಿ ಸಹಿ ಹಾಕಿದವನೂ ಅವನೇ. ಇದನ್ನೆಲ್ಲ ಮೊಮ್ಮಗಳಿಗೆ ಅವರೇ ಹೇಳಲಿ, ಚೆನ್ನಾಗಿ ಹೇಳುತ್ತಾರೆ. ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಜೀವಮಾನದಲ್ಲಿ ಅವನ ಒಡೆತನದಲ್ಲಿದ್ದವರು 600ಕ್ಕೂ ಹೆಚ್ಚು ಜನ. ಬದುಕಿದ್ದಾಗ ಬಿಡುಗಡೆ ಪತ್ರ ಕೊಟ್ಟದ್ದು ಇಬ್ಬರಿಗೆ. ಉಯಿಲಿನಲ್ಲಿ ಐವರಿಗೆ. ತಪ್ಪು ಅಂತ ಗೊತ್ತಿತ್ತು ಅನ್ನುವುದು ಅವನ ಪರವಾಗಿ ಹೇಳುವ ಮಾತಾ, ವಿರುದ್ಧ ಹೇಳುವ ಮಾತಾ? ನಾನು ಮೇಷ್ಟ್ರಿಗೆ ಪಾಠ ಹೇಳಲು ಹೋಗುವುದಿಲ್ಲ.

ಸ್ಯಾಲಿ ಹೆಮಿಂಗ್ಸ್ ಕೋಣೆ. ದಕ್ಷಿಣದ ಸಾಲಿನಲ್ಲಿದೆ, 2018ರಲ್ಲಿ ತೆರೆದರು. ಅವಳು ಜೆಫರ್ಸನ್ನನ ಹೆಂಡತಿಯ ಮಲತಂಗಿ. ಅಪ್ಪ ಒಬ್ಬನೇ, ಇವಳ ತಾಯಿ ಮಾತ್ರ ಗುಲಾಮಳು. ಹೆಂಡತಿ ಸತ್ತ ಮೇಲೆ ಜೆಫರ್ಸನ್ನನಿಂದ ಇವಳಿಗೆ ಆರು ಮಕ್ಕಳಾದರು, ದೊಡ್ಡವರಾಗುವ ತನಕ ಬದುಕಿದವರು ನಾಲ್ವರು. ಬಹಳ ಕಾಲ ಅಲ್ಲಗಳೆದರು. 1998ರ ಡಿಎನ್‌ಎ ಪರೀಕ್ಷೆಯ ನಂತರ ಹೆಚ್ಚಿನ ಇತಿಹಾಸಕಾರರು ಒಪ್ಪಿದ್ದಾರೆ, ಆ ಜಾಗ ನಡೆಸುವ ಸಂಸ್ಥೆಯೂ ಒಪ್ಪಿದೆ. ಅವಳ ಒಂದು ಚಿತ್ರವೂ ಉಳಿದಿಲ್ಲ. ಹಾಗಾಗಿ ಕೋಣೆಯಲ್ಲಿ ಮುಖ ತೋರಿಸುವುದಿಲ್ಲ. ಮಗ ಮ್ಯಾಡಿಸನ್ 1873ರಲ್ಲಿ ಹೇಳಿದ ಮಾತುಗಳನ್ನೇ ಗೋಡೆಯ ಮೇಲೆ ಬೆಳಕಿನಲ್ಲಿ ತೋರಿಸುತ್ತಾರೆ. ನೋಡಬಾರದಂಥದ್ದು ಏನೂ ಇಲ್ಲ. ಮಗಳು ಬರಲಿ. ಚಿಕ್ಕವನನ್ನು ನಿಮ್ಮವರು ಹೊರಗೆ ಹುಲ್ಲಿನ ಮೇಲೆ ಓಡಿಸಲಿ, ಆರಾಮಾಗಿದ್ದಾರೆ ಅಂದಿರಲ್ಲ. ಅತ್ತೆಯವರಿಗೆ ಒಂದು ಸಾಲಿನಲ್ಲಿ ಹೇಳಿದರೂ ಪೂರ್ತಿ ಅರ್ಥವಾಗುತ್ತದೆ. ನನ್ನ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅವಳಿಗೆ ಆಗ ಎಷ್ಟು ವರ್ಷ?" ಜೆಫರ್ಸನ್ ರಾಯಭಾರಿಯಾಗಿದ್ದ ಪ್ಯಾರಿಸ್ಸಿಗೆ ಹೋದಾಗ ಹದಿನಾಲ್ಕು.

ಮಗಳಿಗೆ ಹೇಳಲೇಬೇಕಾದ ಕಥೆ ಒಂದಿದೆ, ಅಡುಗೆಯ ಈಡಿತ್‌ಳ ಮಗ ಪೀಟರ್ ಫಾಸೆಟ್‌ನದು. ಜೆಫರ್ಸನ್ ತೀರಿಕೊಂಡಿದ್ದು 1826ರ ಜುಲೈ 4ಕ್ಕೆ. ಲಕ್ಷ ಡಾಲರಿಗೂ ಮೀರಿದ ಸಾಲ ಬಿಟ್ಟಿದ್ದ. ಮುಂದಿನ ಜನವರಿಯಲ್ಲಿ ಇದೇ ಬೆಟ್ಟದ ಮೇಲೆ ಕುರ್ಚಿ, ಮಂಚ, ದನ, ಸುಮಾರು 130 ಜನ ಎಲ್ಲವನ್ನೂ ಹರಾಜಿಗಿಟ್ಟರು. ಪೀಟರನ ಅಪ್ಪ ಜೋಸೆಫ್ ಕಮ್ಮಾರ, ಉಯಿಲಿನಲ್ಲಿ ಬಿಡುಗಡೆಯಾದ ಐವರಲ್ಲಿ ಒಬ್ಬ. ಅವನ ಕಣ್ಣೆದುರೇ ಹೆಂಡತಿ, ಮಕ್ಕಳು ಬೇರೆ ಬೇರೆಯವರ ಪಾಲಾದರು. ಪೀಟರ್‌ಗೆ ಆಗ ಹನ್ನೊಂದು. ಮುಂದೆ ಆ ಅಪ್ಪ ದುಡಿದು ದುಡಿದು ಹೆಂಡತಿಯನ್ನೂ ಕೆಲವು ಮಕ್ಕಳನ್ನೂ ದುಡ್ಡು ಕೊಟ್ಟು ಬಿಡಿಸಿಕೊಂಡ. ಪೀಟರ್ ಬಿಡುಗಡೆಯಾಗಿ ಸಿನ್ಸಿನಾಟಿ ಸೇರಿದ, ಅಡುಗೆ ಕಂಟ್ರಾಕ್ಟ್ ಹಿಡಿದ, ಚರ್ಚಿನ ಪಾದ್ರಿಯಾದ, ತಪ್ಪಿಸಿಕೊಂಡು ಬಂದ ಗುಲಾಮರಿಗೆ ದಾರಿ ಮಾಡಿಕೊಟ್ಟ. ಮುದುಕನಾದ ಮೇಲೆ, 1900ರಲ್ಲಿ, ಮಾಂಟಿಚೆಲ್ಲೊ ನೋಡಲು ಬಂದ. ಈ ಸಲ ಅತಿಥಿಯಾಗಿ.

ವಾಪಸ್ ಬರುವಾಗ ಬಸ್ಸಿಗೆ ಜೆಫರ್ಸನ್ನನ ಸಮಾಧಿಯ ಹತ್ತಿರ ಇಳಿಯುವ ನಿಲ್ದಾಣ ಇದೆಯಾ ಕೇಳಿಕೊಳ್ಳಿ. ಮಾವನಿಗೆ ಆ ಕಲ್ಲು ತೋರಿಸಬೇಕು. ಸ್ವಾತಂತ್ರ್ಯ ಘೋಷಣೆ, ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯದ ಕಾಯಿದೆ, ವರ್ಜೀನಿಯಾ ವಿಶ್ವವಿದ್ಯಾಲಯ, ಈ ಮೂರೇ ಬರೆಸಿಕೊಂಡಿದ್ದಾನೆ. ಎರಡು ಸಲ ಅಧ್ಯಕ್ಷನಾಗಿದ್ದು ಬರೆಸಿಲ್ಲ. ಅಂದ ಹಾಗೆ ಗುಲಾಮರ ಸ್ಮಶಾನ ಕೆಳಗೆ ವಿಸಿಟರ್ ಸೆಂಟರಿನ ಹತ್ತಿರವೇ ಇದೆ. ಕಾರು ಹತ್ತುವ ಆತುರದಲ್ಲಿ ಮುಕ್ಕಾಲು ಜನ ನೋಡುವುದೇ ಇಲ್ಲ.

ಹೊರಡುವುದು ಬೆಳಗ್ಗೆ ಬೇಗ ಇರಲಿ. ಗೇನ್ಸ್‌ವಿಲ್ ದಾಟಿ 29ನೇ ನಂಬರ್ ಹೆದ್ದಾರಿ ಹಿಡಿದರೆ ವಾರೆಂಟನ್, ಕಲ್‌ಪೆಪರ್ ಮೇಲಿಂದ ನೇರ ಬರುತ್ತೀರಿ. ಶಾರ್ಲಟ್ಸ್‌ವಿಲ್ ಊರೊಳಗೆ ಸಿಗ್ನಲ್ ಜಾಸ್ತಿ, ಅದಕ್ಕೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಮೊದಲು ತೋಟ ಮತ್ತು ಮಲ್ಬರಿ ರೋ, ಆಮೇಲೆ ಮನೆ, ಆಮೇಲೆ ಕೆಳಗಿನ ಓಣಿ. ಮನೆಯ ಟಿಕೆಟ್ ಹನ್ನೊಂದರ ಸುಮಾರಿಗೆ ತೆಗೆದುಕೊಂಡರೆ ಸರಿಹೋಗುತ್ತದೆ.

ಫೇರ್‌ಫ್ಯಾಕ್ಸ್ ಸೊಸೆ

ಬುಕ್ ಮಾಡಿದೆ, ಹನ್ನೊಂದು ಕಾಲಕ್ಕೆ ಸಿಕ್ಕಿತು. ಮಕ್ಕಳ ಟೂರೇ. ಮಾವ ಅದಕ್ಕೂ ಒಂದು ಮಾತು ಅಂದರು, "ನಾನೇನು ಆರು ವರ್ಷದವನಾ?" ಅಂತ. ಗಡಿಯಾರದ ಮುಂದೆ ಅವರನ್ನೇ ಗೈಡ್ ಮಾಡುತ್ತೇನೆ ಅಂದಿದ್ದೇನೆ, ಈಗ ಲೈಬ್ರರಿಯಿಂದ ಪುಸ್ತಕ ತರಿಸಿಕೊಂಡು ಕೂತಿದ್ದಾರೆ.